ನಾಳೆ ರಜೆ ಉಂಟಾ ಎಂದು ಊರೆಲ್ಲ ಕೇಳುವಾಗ ಜಾಲತಾಣ ಮಲಗಬಾರದು: ಸಿಡಿಎನ್ ಎಂದರೇನು, ಜೋಡಿಸುವುದು ಹೇಗೆ?

ಜುಲೈ ತಿಂಗಳಲ್ಲಿ ಮಳೆ ಬಿಡದೆ ಹೊಯ್ಯುವ ರಾತ್ರಿ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ. ನಾಳೆ ರಜೆ ಉಂಟಾ? ಪ್ರಶ್ನೆ ಒಂದಾದರೂ ಉತ್ತರ ಎರಡು ಬೇಕು. ಅಣ್ಣ ಮಂಗಳೂರಿನ ಪಿಯು ಕಾಲೇಜಿಗೆ ಹೋಗುವವನು, ಅವನ ರಜೆಯನ್ನು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಹೇಳಬೇಕು. ತಂಗಿ ಊರಿನ ಶಾಲೆಗೆ ಹೋಗುವವಳು, ಅವಳ ರಜೆಯನ್ನು ಕಾಸರಗೋಡಿನ ಕಲೆಕ್ಟರು ಹೇಳಬೇಕು. ಟಿವಿ ಹಾಕಿದರೆ ಒಂದರಲ್ಲಿ ತಿರುವನಂತಪುರದ ರಾಜಕೀಯ, ಇನ್ನೊಂದರಲ್ಲಿ ಬೆಂಗಳೂರಿನ ಟ್ರಾಫಿಕ್ಕು. ಎರಡೂ ಜಿಲ್ಲೆಯ ಸುದ್ದಿಯನ್ನು ಒಂದೇ ಪುಟದಲ್ಲಿ ಕೊಡುವುದು ನಮ್ಮ ಕಡೆಯ ಸಣ್ಣಪುಟ್ಟ ಜಾಲತಾಣಗಳು ಮಾತ್ರ. ಹಾಗಾಗಿ ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲರೂ ಒಟ್ಟಿಗೆ ಅದನ್ನೇ ತೆರೆಯುತ್ತಾರೆ. ಆಗ ಮೊಬೈಲಿನ ಪರದೆಯಲ್ಲಿ ಕಾಣುವುದು ರಜೆಯ ಸುದ್ದಿಯಲ್ಲ, '508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್' ಎಂಬ ಇಂಗ್ಲಿಷ್ ಸಾಲು!

ಬೇಕಾದ ದಿನವೇ ಜಾಲತಾಣ ಮಲಗುವುದು ಬರೀ ರಜೆಯ ಮಟ್ಟಿನ ತೊಂದರೆಯಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜನಕ್ಕೆ ಯಾವ ದಾರಿ ತೆರೆದಿದೆ, ಯಾವುದಕ್ಕೆ ಮಣ್ಣು ಸುರಿದಿದ್ದಾರೆ ಎನ್ನುವುದು ಜೀವದ ಪ್ರಶ್ನೆಯಾಗಿತ್ತು. ತಡೆ ತೆಗೆಸಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಿತು. ಅಂಥ ದಿನಗಳಲ್ಲಿ ಕನ್ನಡದಲ್ಲಿ ನಂಬುವಂಥ ಸುದ್ದಿಯ ಪುಟವೊಂದು ತೆರೆದುಕೊಳ್ಳದಿದ್ದರೆ ಆ ಜಾಗವನ್ನು ವಾಟ್ಸಪ್ಪಿನ ಗಾಳಿಮಾತು ತುಂಬುತ್ತದೆ.

ಇದಕ್ಕೆ ಮದ್ದು ಉಂಟು. ಅದರ ಹೆಸರು ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಚಿಕ್ಕದಾಗಿ ಸಿಡಿಎನ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಸಣ್ಣ ತಾಣಕ್ಕೆ ಇದು ಉಚಿತವಾಗಿಯೂ ಸಿಗುತ್ತದೆ. ಕಂಪ್ಯೂಟರ್ ಓದದೆ ಬಿಎ ಮಾಡಿದವರಿಗೂ ಅರ್ಥವಾಗುವ ಸಂಗತಿ ಇದು ಎಂದು ಬಿಎ ಮಾಡಿದವನಾಗಿಯೇ ಹೇಳುತ್ತಿದ್ದೇನೆ.

ತಾಣ ಏಕೆ ಮಲಗುತ್ತದೆ?

ಊರಿನ ಹೆಚ್ಚಿನ ಜಾಲತಾಣಗಳು ಇರುವುದು 'ಶೇರ್ಡ್ ಹೋಸ್ಟಿಂಗ್' ಎಂಬ ವ್ಯವಸ್ಥೆಯಲ್ಲಿ. ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ಬಾಡಿಗೆಗೆ ಇರುತ್ತವೆ. ಪೇಟೆಯ ಬಾಡಿಗೆ ಕಟ್ಟಡದ ಹಾಗೆ, ಮಾಳಿಗೆಯ ಮೇಲೆ ಎಲ್ಲರಿಗೂ ಸೇರಿ ಒಂದೇ ನೀರಿನ ಟ್ಯಾಂಕು. ಒಬ್ಬನ ಮನೆಯಲ್ಲಿ ಮದುವೆ ಬಂದರೆ ಉಳಿದವರಿಗೆ ನೀರಿಲ್ಲ ಎಂದಾಗಬಾರದಲ್ಲ? ಅದಕ್ಕೆ ಹೋಸ್ಟಿಂಗ್ ಕಂಪೆನಿಯವರು ಪ್ರತಿಯೊಬ್ಬರಿಗೂ ಇಷ್ಟೇ ಎಂದು ಮಿತಿ ಇಟ್ಟಿರುತ್ತಾರೆ. ಮಿತಿ ದಾಟಿದ ಕ್ಷಣ 508 ಎಂಬ ಬೋರ್ಡು ಬೀಳುತ್ತದೆ. ವರ್ಷವಿಡೀ ದಿನಕ್ಕೆ ಕೆಲವು ನೂರು ಜನ ನೋಡುವ ತಾಣಕ್ಕೆ ಒಂದು ರಾತ್ರಿ ಸಾವಿರಗಟ್ಟಲೆ ಜನ ಬಂದರೆ ಬೇರೇನೂ ಆಗಲಾರದು.

ಅದರಲ್ಲೂ ವರ್ಡ್‌ಪ್ರೆಸ್ಸಿನಲ್ಲಿ ಕಟ್ಟಿದ ತಾಣವಾದರೆ ಪ್ರತಿಯೊಬ್ಬ ಓದುಗ ಬಂದಾಗಲೂ ಸರ್ವರು ಕಪಾಟಿನಿಂದ ಸುದ್ದಿ ತೆಗೆದು, ಚಿತ್ರ ಜೋಡಿಸಿ, ಪುಟವನ್ನು ಹೊಸದಾಗಿ ಕಟ್ಟಿ ಕೊಡುತ್ತದೆ. ಸಾವಿರ ಜನಕ್ಕೆ ಅದೇ ಪುಟವನ್ನು ಸಾವಿರ ಸಲ ಕಟ್ಟುವುದು! ಕಟ್ಟಿದ ಪುಟದ ಒಂದು ಪ್ರತಿ ಇಟ್ಟುಕೊಂಡು ಅದನ್ನೇ ಎಲ್ಲರಿಗೂ ತೋರಿಸಿದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಿದರೆ, ಸಿಡಿಎನ್ನಿನ ಅರ್ಧ ವಿಷಯ ನಿಮಗೆ ಗೊತ್ತಾದಂತೆ.

ಉಳಿದರ್ಧ ದೂರದ ಲೆಕ್ಕ. ಅಗ್ಗದ ಹೋಸ್ಟಿಂಗಿನ ಸರ್ವರು ಎಷ್ಟೋ ಸಲ ಅಮೆರಿಕದ ಟೆಕ್ಸಾಸ್ ಕಡೆ ಎಲ್ಲೋ ಇರುತ್ತದೆ. ಇಲ್ಲಿಂದ ಅಲ್ಲಿಗೆ ನೆಟ್ಟಗೆ ಗೆರೆ ಎಳೆದರೂ ಸುಮಾರು 15 ಸಾವಿರ ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿ ಬರುವ 30 ಸಾವಿರ ಕಿಲೋಮೀಟರಿಗೆ 150 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ಲು ನೆಟ್ಟಗೆ ಹೋಗುವುದಿಲ್ಲ, ಸಮುದ್ರ ಸುತ್ತಿ ಬಳಸಿ ಹೋಗುತ್ತದೆ, ದಾರಿಯಲ್ಲಿ ಹತ್ತಾರು ಕಡೆ ನಿಂತು ಹೋಗುತ್ತದೆ. ಹಾಗಾಗಿ ನಿಜದಲ್ಲಿ 250 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ.

ಕಾಲು ಸೆಕೆಂಡು ಏನು ಮಹಾ ಎನ್ನಬೇಡಿ. ಪುಟ ಬರುವ ಮೊದಲು ನಿಮ್ಮ ಮೊಬೈಲೂ ಆ ಸರ್ವರೂ ಪರಸ್ಪರ ಪರಿಚಯ ಮಾಡಿಕೊಳ್ಳಬೇಕು, ಅದಕ್ಕೊಂದು ಸುತ್ತು. ಗುಟ್ಟಿನ ಬೀಗ ಒಪ್ಪಿಕೊಳ್ಳಲು ಇನ್ನೊಂದು ಸುತ್ತು, ಹಳೆಯ ಸರ್ವರಾದರೆ ಎರಡು. ಆಮೇಲೆ ಪುಟ ಕೊಡಿ ಎಂದು ಕೇಳಲು ಮತ್ತೊಂದು. ಮೊದಲ ಅಕ್ಷರ ಬರುವಾಗಲೇ ಮುಕ್ಕಾಲು ಸೆಕೆಂಡು ಕಳೆಯಿತು. ಅದರ ಹಿಂದೆ ಹತ್ತಿಪ್ಪತ್ತು ಚಿತ್ರಗಳು, ಅಕ್ಷರದ ಫಾಂಟು, ಜಾಹೀರಾತು. ಗುಡ್ಡದ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಹಿಡಿದು ಕೂತವನಿಗೆ ಇದೆಲ್ಲ ಸೇರಿ ಅರ್ಧ ನಿಮಿಷವಾಗುವುದು ಹೀಗೆ.

ಘಟ್ಟ ಇಳಿದು ಬರುತ್ತಿದ್ದ ಪತ್ರಿಕೆ

ನಮ್ಮ ಪ್ರಾಯದವರಿಗೆ ಇದನ್ನು ಪತ್ರಿಕೆಯ ಉದಾಹರಣೆಯಲ್ಲಿ ಹೇಳುವುದು ಸುಲಭ. ಹಿಂದೆ ಬೆಂಗಳೂರಿನಲ್ಲಿ ಅಚ್ಚಾದ ಪತ್ರಿಕೆ ರಾತ್ರಿ ಹೊರಟು ಘಟ್ಟ ಇಳಿದು, ಮಂಗಳೂರಿನಲ್ಲಿ ಬಸ್ಸು ಬದಲಾಯಿಸಿ ನಮ್ಮ ಪೇಟೆಯ ಅಂಗಡಿಗೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಘಟ್ಟದಲ್ಲಿ ಗುಡ್ಡ ಜರಿದರೆ ಮರುದಿನ. ಆಮೇಲೆ ಪತ್ರಿಕೆಗಳು ಕರಾವಳಿಯಲ್ಲೇ ಅಚ್ಚು ಹಾಕಲು ಶುರುಮಾಡಿದವು. ಬರೆಯುವುದು ಎಲ್ಲೋ, ಪುಟ ಕಟ್ಟುವುದು ಎಲ್ಲೋ, ಅಚ್ಚು ಮಾತ್ರ ಓದುಗನ ಹತ್ತಿರ. ಬೆಳಗಿನ ಚಹಾಕ್ಕೆ ಪತ್ರಿಕೆ ಸಿಕ್ಕಿತು.

ಸಿಡಿಎನ್ ಮಾಡುವುದು ಇದನ್ನೇ. ನಿಮ್ಮ ಮೂಲ ಸರ್ವರು ಟೆಕ್ಸಾಸಿನಲ್ಲೇ ಇರಲಿ. ಸಿಡಿಎನ್ ಕಂಪೆನಿಗೆ ಊರೂರಿನಲ್ಲಿ ಕೇಂದ್ರಗಳಿರುತ್ತವೆ. ಕ್ಲೌಡ್‌ಫ್ಲೇರ್ ಕಂಪೆನಿ 2015ರಲ್ಲೇ ಮುಂಬೈ, ಚೆನ್ನೈ, ದೆಹಲಿಗಳಲ್ಲಿ ಕೇಂದ್ರ ತೆರೆಯಿತು. ದುಬೈ, ದೋಹಾ, ಕುವೈತ್, ಮಸ್ಕತ್‌ಗಳಲ್ಲೂ ಅದರ ಕೇಂದ್ರಗಳುಂಟು. ಉಪ್ಪಳದ ಓದುಗ ಕೇಳಿದ ಪುಟ ಚೆನ್ನೈಯಿಂದಲೋ ಮುಂಬೈಯಿಂದಲೋ ಬರುತ್ತದೆ, ಕೊಲ್ಲಿಯಲ್ಲಿರುವ ಅವನ ಅಣ್ಣನಿಗೆ ದುಬೈಯಿಂದ ಸಿಗುತ್ತದೆ. ಮೊದಲ ಓದುಗ ಕೇಳಿದಾಗ ಆ ಕೇಂದ್ರದಲ್ಲಿ ಪ್ರತಿ ಇರುವುದಿಲ್ಲ. ಆಗ ಕೇಂದ್ರವೇ ಮೂಲ ಸರ್ವರಿಗೆ ಹೋಗಿ ತಂದು ಕೊಡುತ್ತದೆ, ಕೊಡುವಾಗ ಒಂದು ಪ್ರತಿ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಎರಡನೆಯವನಿಂದ ಹಿಡಿದು ಸಾವಿರನೆಯವನವರೆಗೆ ಆ ಪ್ರತಿಯೇ. ಮೂಲ ಸರ್ವರಿಗೆ ಇಷ್ಟು ಜನ ಬಂದದ್ದೇ ಗೊತ್ತಾಗುವುದಿಲ್ಲ.

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ. ವೆಬ್ಬನ್ನು ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1995ರಲ್ಲಿ, ಮುಂದೆ ಇಲ್ಲಿ ಜನಸಂದಣಿಯಾಗಿ ದಾರಿ ಕಟ್ಟಿಕೊಳ್ಳಲಿದೆ, ಏನಾದರೂ ಉಪಾಯ ಹುಡುಕಿ ಎಂದು ಸಹೋದ್ಯೋಗಿಗಳ ಮುಂದೆ ಇಟ್ಟರು. ಗಣಿತದ ಪ್ರಾಧ್ಯಾಪಕ ಟಾಮ್ ಲೇಟನ್, ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ಅದನ್ನು ಹಿಡಿದುಕೊಂಡು ಕೂತರು. ಯಾವ ಪ್ರತಿ ಯಾವ ಯಂತ್ರದಲ್ಲಿರಬೇಕು ಎಂದು ಹಂಚುವ ಒಂದು ಗಣಿತದ ಉಪಾಯ 1997ರಲ್ಲಿ ಪ್ರಕಟವಾಯಿತು. 1998ರಲ್ಲಿ ಅಕಮೈ ಎಂಬ ಕಂಪೆನಿ ಹುಟ್ಟಿತು. ಹವಾಯಿ ಭಾಷೆಯಲ್ಲಿ ಅಕಮೈ ಎಂದರೆ ಜಾಣ ಎಂದರ್ಥ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಕಟ್ಟಡಕ್ಕೆ ಅಪ್ಪಳಿಸಿದ ಮೊದಲ ವಿಮಾನದಲ್ಲಿ ಡೇನಿಯಲ್ ಲೆವಿನ್ ಇದ್ದರು. ಜಗತ್ತಿನ ಸುದ್ದಿತಾಣಗಳೆಲ್ಲ ಜನರ ಭಾರಕ್ಕೆ ಕುಸಿಯುತ್ತಿದ್ದ ಆ ದಿನ, ಅವು ನಿಂತುಕೊಳ್ಳಲು ಆಸರೆಯಾದದ್ದರಲ್ಲಿ ಅವರು ಕಟ್ಟಿದ ಜಾಲವೂ ಒಂದು.

ಆ ಕಾಲದಲ್ಲಿ ಇದು ದೊಡ್ಡವರ ಸೊತ್ತಾಗಿತ್ತು. 2008ರಲ್ಲಿ ಅಮೆಜಾನಿನ ಕ್ಲೌಡ್‌ಫ್ರಂಟ್ ಬಳಸಿದಷ್ಟಕ್ಕೆ ದುಡ್ಡು ಎಂಬ ಲೆಕ್ಕದಲ್ಲಿ ಬಂತು. 2010ರಲ್ಲಿ ಕ್ಲೌಡ್‌ಫ್ಲೇರ್ ಉಚಿತ ಯೋಜನೆಯನ್ನೇ ಇಟ್ಟಿತು. ಹಳ್ಳಿಯ ದೇವಸ್ಥಾನದ ತಾಣಕ್ಕೂ ಸಿಡಿಎನ್ ಎಟಕಿದ್ದು ಅಲ್ಲಿಂದ.

ಮೊದಲ ಕೆಲಸ: ಕೀಲಿಕೈ ಯಾರ ಹತ್ತಿರ ಉಂಟು?

ಕ್ಲೌಡ್‌ಫ್ಲೇರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚಿನವರು ಹೋಗುವುದು ಅಲ್ಲಿಗೆ. ಬೇರೆಯವರದ್ದೂ ತತ್ತ್ವ ಒಂದೇ.

ಜಾಲತಾಣಕ್ಕೆ ಕೀಲಿಕೈ ಎರಡು. ಒಂದು ಹೋಸ್ಟಿಂಗಿನದ್ದು, ಅಂದರೆ ಸರಕು ಇರುವ ಗೋದಾಮಿನದ್ದು. ಇನ್ನೊಂದು ಡೊಮೈನ್ ನೋಂದಣಿಯದ್ದು, ಅಂದರೆ ಮನೆಯ ಹೆಸರಿನ ದಾಖಲೆ. ಸಿಡಿಎನ್ ಜೋಡಿಸಲು ಬೇಕಾದದ್ದು ಎರಡನೆಯದು. ಹತ್ತರಲ್ಲಿ ಐದು ಕಡೆ ಕೆಲಸ ನಿಲ್ಲುವುದು ಇಲ್ಲೇ. ಶಾಲೆಯ ಶತಮಾನೋತ್ಸವಕ್ಕೋ ದೇವಸ್ಥಾನದ ಬ್ರಹ್ಮಕಲಶಕ್ಕೋ ಬೆಂಗಳೂರಿನಲ್ಲಿದ್ದ ಊರಿನ ಹುಡುಗ ತಾಣ ಮಾಡಿಕೊಟ್ಟಿರುತ್ತಾನೆ. ಡೊಮೈನ್ ಅವನ ಹೆಸರಿನಲ್ಲಿ, ಅವನ ಹಳೆಯ ಆಫೀಸಿನ ಇಮೇಲಿನಲ್ಲಿ. ಅವನೀಗ ಕೆನಡಾದಲ್ಲಿ. ಸಮಿತಿಯಲ್ಲಿ ಯಾರಿಗೂ ಪಾಸ್‌ವರ್ಡ್ ಗೊತ್ತಿಲ್ಲ. ಸಿಡಿಎನ್ ವಿಷಯ ಬಿಡಿ, ಅವನು ಒಂದು ವರ್ಷ ದುಡ್ಡು ಕಟ್ಟಲು ಮರೆತರೆ ಹೆಸರೇ ಹೋಗುತ್ತದೆ. ಗಡಿನಾಡಿನ ಕನ್ನಡ ಶಾಲೆಯೊಂದರ ನೂರು ವರ್ಷದ ಫೋಟೋಗಳು ಇರುವ ತಾಣ ಯಾರದೋ ಜೂಜಿನ ಜಾಹೀರಾತಿನ ಪುಟವಾಗಿ ಬದಲಾದರೆ ಹೇಗಿರುತ್ತದೆ, ಯೋಚಿಸಿ. ಆದ್ದರಿಂದ ಮುಂದೆ ಓದುವ ಮೊದಲೇ ಆ ಹುಡುಗನಿಗೆ ಫೋನು ಮಾಡಿ, ನೋಂದಣಿಯನ್ನು ಸಂಸ್ಥೆಯ ಇಮೇಲಿಗೆ ವರ್ಗಾಯಿಸಿಕೊಳ್ಳಿ.

ಕೀಲಿಕೈ ಸಿಕ್ಕಿದ ಮೇಲೆ ಕೆಲಸ ಅರ್ಧ ದಿನದ್ದು. ಕ್ಲೌಡ್‌ಫ್ಲೇರಿನಲ್ಲಿ ಖಾತೆ ತೆರೆದು ನಿಮ್ಮ ಡೊಮೈನಿನ ಹೆಸರು ಕೊಟ್ಟರೆ, ಅದು ನಿಮ್ಮ ಈಗಿನ ಡಿಎನ್‌ಎಸ್ ದಾಖಲೆಗಳನ್ನು ತಾನೇ ಹುಡುಕಿ ಪಟ್ಟಿ ಮಾಡುತ್ತದೆ. ಡಿಎನ್‌ಎಸ್ ಎಂದರೆ ಹೆಸರಿನಿಂದ ವಿಳಾಸ ಹೇಳುವ ಪುಸ್ತಕ. ಈ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಬಿಟ್ಟುಹೋದದ್ದು ಇದ್ದರೆ ಕೈಯಲ್ಲೇ ಸೇರಿಸಿ.

ಪಟ್ಟಿಯ ಪ್ರತಿ ಸಾಲಿನ ಪಕ್ಕ ಒಂದು ಮೋಡದ ಚಿತ್ರ ಇರುತ್ತದೆ. ಕಿತ್ತಳೆ ಮೋಡವೆಂದರೆ ಆ ಹೆಸರಿಗೆ ಬರುವವರೆಲ್ಲ ಸಿಡಿಎನ್ ಮೂಲಕ ಹೋಗುತ್ತಾರೆ. ಬೂದು ಮೋಡವೆಂದರೆ ನೇರವಾಗಿ ಮೂಲ ಸರ್ವರಿಗೆ. ತಾಣದ ಹೆಸರಿಗೆ ಕಿತ್ತಳೆ, ಇಮೇಲಿನ ಹೆಸರಿಗೆ ಬೂದು. ಸಿಡಿಎನ್ ಸಾಗಿಸುವುದು ವೆಬ್ ಪುಟಗಳನ್ನು, ಅಂಚೆಯನ್ನಲ್ಲ. ಇಮೇಲಿನ ಸಾಲನ್ನೂ ಕಿತ್ತಳೆ ಮಾಡಿದರೆ ತಾಣ ಚೆನ್ನಾಗಿ ಓಡುತ್ತಿರುತ್ತದೆ, ಅಂಚೆ ಮಾತ್ರ ಸದ್ದಿಲ್ಲದೆ ನಿಂತಿರುತ್ತದೆ. ಒಂದು ಸಹಕಾರಿ ಸಂಘದಲ್ಲಿ ಹೀಗಾಗಿ, ಈಚೆಗೆ ಯಾರೂ ಪತ್ರ ಬರೆಯುವುದೇ ಇಲ್ಲ ಎಂದು ಅವರು ಮೂರು ದಿನ ಸಮಾಧಾನದಲ್ಲಿದ್ದರು.

ಇದಾದ ಮೇಲೆ ಕ್ಲೌಡ್‌ಫ್ಲೇರ್ ಎರಡು ನೇಮ್‌ಸರ್ವರ್ ಹೆಸರು ಕೊಡುತ್ತದೆ. ಡೊಮೈನ್ ನೋಂದಣಿಯ ಪುಟಕ್ಕೆ ಹೋಗಿ ಹಳೆಯ ಎರಡನ್ನು ತೆಗೆದು ಇವನ್ನು ಹಾಕಬೇಕು. ತೆಗೆದ ಹಳೆಯ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದಿಡಿ, ಹಿಂದೆ ಬರಬೇಕಾದರೆ ದಾರಿ ಅದೇ. ಅಲ್ಲಿ ಡಿಎನ್‌ಎಸ್‌ಸೆಕ್ ಎಂಬ ಮುದ್ರೆ ಮೊದಲೇ ಹಾಕಿದ್ದರೆ ಅದನ್ನು ತೆಗೆದು ಸ್ವಲ್ಪ ಕಾಲ ಬಿಟ್ಟೇ ಹೆಸರು ಬದಲಾಯಿಸಬೇಕು. ಇಲ್ಲವಾದರೆ ಹಳೆಯ ಮುದ್ರೆಗೂ ಹೊಸ ಪುಸ್ತಕಕ್ಕೂ ತಾಳೆಯಾಗದೆ ತಾಣ ಕಾಣೆಯಾಗುತ್ತದೆ. ಬದಲಾವಣೆ ಎಲ್ಲ ಕಡೆ ಮುಟ್ಟಲು ಕೆಲವು ಗಂಟೆ, ಒಮ್ಮೊಮ್ಮೆ ಒಂದು ದಿನ ಬೇಕು. ಇದನ್ನು ಏಪ್ರಿಲ್, ಮೇ ತಿಂಗಳಲ್ಲಿ ಮಾಡಿ. ಮಳೆಗಾಲದ ನಡುವೆ, ಚುನಾವಣೆಯ ಫಲಿತಾಂಶದ ಹಿಂದಿನ ದಿನ ನೇಮ್‌ಸರ್ವರಿಗೆ ಕೈ ಹಾಕುವುದು ಬೇಡ.

ಬೀಗದ ವಿಷಯ

ತಾಣದ ವಿಳಾಸದ ಹಿಂದೆ ಬೀಗದ ಚಿಹ್ನೆ ಬರಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಸಿಡಿಎನ್ ಉಚಿತವಾಗಿಯೇ ಕೊಡುತ್ತದೆ. ಆದರೆ ಪ್ರಯಾಣದಲ್ಲಿ ಈಗ ಎರಡು ತುಂಡುಗಳಿವೆ. ಓದುಗನಿಂದ ಚೆನ್ನೈ ಕೇಂದ್ರಕ್ಕೆ ಒಂದು, ಚೆನ್ನೈಯಿಂದ ಮೂಲ ಸರ್ವರಿಗೆ ಇನ್ನೊಂದು. 'ಫ್ಲೆಕ್ಸಿಬಲ್' ಎಂದು ಆರಿಸಿದರೆ ಮೊದಲ ತುಂಡಿಗೆ ಮಾತ್ರ ಬೀಗ, ಎರಡನೆಯದು ಬಾಗಿಲು ತೆರೆದ ಲಾರಿ. ಓದುಗನಿಗೆ ಬೀಗ ಕಾಣುತ್ತದೆ, ಆದರೆ ಅರ್ಧ ದಾರಿಯಲ್ಲಿ ಇಲ್ಲ. ಇದು ಮೋಸವೆಂದೇ ನನ್ನ ಅಭಿಪ್ರಾಯ. ಸಾಲದ್ದಕ್ಕೆ, ಮೂಲ ಸರ್ವರು 'ಬೀಗ ಹಾಕಿಯೇ ಬಾ' ಎಂದು ವಾಪಸು ಕಳಿಸುವ ಜಾತಿಯದ್ದಾದರೆ ಪುಟ ಚೆಂಡಿನಂತೆ ಅಲ್ಲಿಂದಿಲ್ಲಿಗೆ ಪುಟಿಯುತ್ತಾ ಇರುತ್ತದೆ, ಕೊನೆಗೆ 'ಟೂ ಮೆನಿ ರಿಡೈರೆಕ್ಟ್ಸ್' ಎಂದು ಬ್ರೌಸರು ಕೈಚೆಲ್ಲುತ್ತದೆ. ಹೋಸ್ಟಿಂಗಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು 'ಫುಲ್ ಸ್ಟ್ರಿಕ್ಟ್' ಆರಿಸಿ.

ಯಾವುದರ ಪ್ರತಿ, ಎಷ್ಟು ಹೊತ್ತು?

ಇಲ್ಲಿಗೆ ಜೋಡಣೆ ಮುಗಿಯಿತು ಎಂದು ಹೆಚ್ಚಿನವರು ಕೈ ತೊಳೆದುಕೊಳ್ಳುತ್ತಾರೆ. ಆದರೆ ಜುಲೈಯ ರಾತ್ರಿ ತಾಣ ಮತ್ತೆ ಮಲಗುತ್ತದೆ! ಕಾರಣ, ಕ್ಲೌಡ್‌ಫ್ಲೇರ್ ತಾನಾಗಿ ಪ್ರತಿ ಇಟ್ಟುಕೊಳ್ಳುವುದು ಚಿತ್ರ, ಫಾಂಟು, ವಿನ್ಯಾಸದ ಕಡತಗಳನ್ನು ಮಾತ್ರ. ಸುದ್ದಿಯ ಪುಟವನ್ನು ಅಲ್ಲ. ನಮ್ಮ ಕಡೆಯ ತಾಣವೊಂದನ್ನು ನಡೆಸುವ ಯುವಕ ಹೇಳಿದ ಮಾತಿದು: "ಮಾಸ್ಟ್ರೇ, ಅಂಗಳಕ್ಕೆ ಚಪ್ಪರ ಹಾಕಿದೆವು, ಜನ ಮಾತ್ರ ಒಲೆಯ ಹತ್ತಿರವೇ ಬಂದು ನಿಂತರು." ಪ್ರತಿ ಪುಟ ಕಟ್ಟುವ ಕೆಲಸ ಮೂಲ ಸರ್ವರಿಗೇ ಉಳಿದಿತ್ತು.

ಹಾಗಾದರೆ ಪುಟದ ಪ್ರತಿಯನ್ನೂ ಇಟ್ಟುಕೊಳ್ಳುವಂತೆ ನಿಯಮ ಬರೆಯಬೇಕು. ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಪ್ರತಿ ಎಷ್ಟು ಹೊತ್ತು ಸತ್ಯ? ದೇವಸ್ಥಾನದ ಲೋಗೋ ಒಂದು ವರ್ಷ ಇಟ್ಟರೂ ತಪ್ಪಿಲ್ಲ. ರಜೆಯ ಸುದ್ದಿ ಹಾಗಲ್ಲ. ರಾತ್ರಿ 8ಕ್ಕೆ 'ರಜೆ ಇಲ್ಲ' ಎಂದು ಹಾಕಿರುತ್ತೀರಿ, 9ಕ್ಕೆ ಕಲೆಕ್ಟರು ರಜೆ ಘೋಷಿಸುತ್ತಾರೆ, ನೀವು ತಿದ್ದುತ್ತೀರಿ. ಮೂಲ ಸರ್ವರಿನಲ್ಲಿ ತಿದ್ದಿತು, ಚೆನ್ನೈಯ ಪ್ರತಿಯಲ್ಲಿ ಬೆಳಗ್ಗಿನವರೆಗೂ 'ರಜೆ ಇಲ್ಲ'. ನೀರು ತುಂಬಿದ ತೋಡು ದಾಟಿ ಮಗು ಶಾಲೆಗೆ ಹೋಗುತ್ತದೆ, ಬಾಗಿಲು ಹಾಕಿರುತ್ತದೆ. ತಾಣ ಮಲಗಿದ್ದರೆ ಯಾರಾದರೂ ಮೇಷ್ಟರಿಗೆ ಫೋನು ಮಾಡಿಯಾದರೂ ಕೇಳುತ್ತಿದ್ದರು. ತಪ್ಪು ಸುದ್ದಿಯನ್ನು ವೇಗವಾಗಿ ಮುಟ್ಟಿಸುವ ತಾಣಕ್ಕಿಂತ ಮಲಗಿದ ತಾಣವೇ ವಾಸಿ.

ಈ ಗಡುವನ್ನು ಕನ್ನಡದಲ್ಲಿ ಅವಧಿ ಎನ್ನಬಹುದು. ಆದರೆ ನಮ್ಮ ಕಡೆ ಅವಧಿ ಎಂದರೆ ಮಲಯಾಳದ ಕಿವಿಗೆ ರಜೆ ಎಂದೇ ಕೇಳುವುದರಿಂದ ಗಡುವು ಎಂದೇ ಇಟ್ಟುಕೊಳ್ಳುವ. ಮುಖಪುಟಕ್ಕೆ 60 ಸೆಕೆಂಡಿನ ಗಡುವು ಸಾಕು. 60 ಸೆಕೆಂಡಿನಿಂದ ಏನು ಪ್ರಯೋಜನ ಎಂದರೆ ಲೆಕ್ಕ ನೋಡಿ. ನಿಮಿಷಕ್ಕೆ 3 ಸಾವಿರ ಜನ ಚೆನ್ನೈ ಕೇಂದ್ರಕ್ಕೆ ಬಂದರೆಂದುಕೊಳ್ಳಿ. ಗಡುವು ಇಲ್ಲದಿದ್ದರೆ ಮೂಲ ಸರ್ವರು ನಿಮಿಷಕ್ಕೆ 3 ಸಾವಿರ ಸಲ ಪುಟ ಕಟ್ಟಬೇಕು. 60 ಸೆಕೆಂಡಿನ ಗಡುವಿದ್ದರೆ ಆ ಕೇಂದ್ರಕ್ಕಾಗಿ ನಿಮಿಷಕ್ಕೆ ಒಂದೆರಡು ಸಲ. ಸುದ್ದಿ ಹಳತಾಗುವುದು ಹೆಚ್ಚೆಂದರೆ ಒಂದು ನಿಮಿಷ.

ಉಚಿತ ಯೋಜನೆಯ ನಿಯಮದ ಪುಟದಲ್ಲಿ ಇಷ್ಟು ಚಿಕ್ಕ ಗಡುವು ಸಿಗುವುದಿಲ್ಲ, ಅಲ್ಲಿ ಇರುವುದೆಲ್ಲ ಗಂಟೆಗಳ ಲೆಕ್ಕ. ಇದಕ್ಕೆ ದಾರಿ ಏನೆಂದರೆ, ಗಡುವನ್ನು ಮೂಲ ಸರ್ವರಿನಿಂದಲೇ ಹೇಳಿಸುವುದು. ಪ್ರತಿ ಪುಟದ ತಲೆಯಲ್ಲಿ 'ಕ್ಯಾಶ್-ಕಂಟ್ರೋಲ್' ಎಂಬ ಸಾಲು ಕಳಿಸಬಹುದು. ಅದರಲ್ಲಿ 'ಎಸ್-ಮ್ಯಾಕ್ಸ್‌ಏಜ್ 60' ಎಂದರೆ ಸಿಡಿಎನ್ನಿಗೆ ಹೇಳಿದ್ದು, ಬರೀ 'ಮ್ಯಾಕ್ಸ್‌ಏಜ್' ಎಂದರೆ ಓದುಗನ ಮೊಬೈಲಿಗೂ ಸೇರಿಸಿ ಹೇಳಿದ್ದು. ಸಿಡಿಎನ್ನಿನ ನಿಯಮದಲ್ಲಿ 'ಮೂಲ ಸರ್ವರು ಹೇಳಿದ್ದನ್ನು ಪಾಲಿಸು' ಎಂದು ಆರಿಸಿದರೆ ಆಯಿತು. ಈ ಎರಡರ ವ್ಯತ್ಯಾಸವನ್ನು ಸಸಾರ ಮಾಡಬೇಡಿ. ತುರ್ತಾಗಿ ಹಳೆಯ ಪ್ರತಿ ತೆಗೆಯಬೇಕಾದರೆ ಸಿಡಿಎನ್ನಿನಲ್ಲಿ 'ಪರ್ಜ್' ಎಂಬ ಗುಂಡಿ ಉಂಟು, ಒತ್ತಿದರೆ ಕೆಲವೇ ಕ್ಷಣಗಳಲ್ಲಿ ಎಲ್ಲ ಕೇಂದ್ರಗಳ ಪ್ರತಿ ಅಳಿಯುತ್ತದೆ. ಆದರೆ ಓದುಗನ ಮೊಬೈಲಿನೊಳಗೆ ಕೂತ ಪ್ರತಿಗೆ ಆ ಗುಂಡಿಯ ಕೈ ಎಟಕುವುದಿಲ್ಲ. ಹಾಗಾಗಿ ಮೊಬೈಲಿಗೆ ಹೇಳುವ ಗಡುವು ಸೊನ್ನೆಯ ಹತ್ತಿರವೇ ಇರಲಿ. ಚಿತ್ರ ಬದಲಾಯಿಸುವುದಿದ್ದರೆ ಹಳೆಯ ಹೆಸರಿಗೇ ಹೊಸ ಚಿತ್ರ ಹಾಕಬೇಡಿ, ಹೊಸ ಹೆಸರು ಕೊಡಿ.

ಇನ್ನು, ಪ್ರತಿ ಇಡಲೇಬಾರದ್ದು ಇವೆ. ಲಾಗಿನ್ ಆದವರ ಪುಟ, ಸಂಪಾದಕರ ಆಡಳಿತದ ಪುಟ, ಹಣ ಕಟ್ಟುವ ಪುಟ. ಇದಕ್ಕೆ ಒಂದು ನಿಜ ಪ್ರಸಂಗ ಹೇಳಬೇಕು. ಸ್ಟೀಮ್ ಎಂಬುದು ಕಂಪ್ಯೂಟರ್ ಆಟಗಳನ್ನು ಮಾರುವ ದೊಡ್ಡ ಅಂಗಡಿ. 2015ರ ಕ್ರಿಸ್ಮಸ್ ದಿನ ಅದರ ಮೇಲೆ ಪುಂಡರ ದಾಳಿಯಾಯಿತು. ತಡೆಯುವ ಅವಸರದಲ್ಲಿ ಪ್ರತಿ ಇಡುವ ನಿಯಮ ತಪ್ಪಿತು. ಒಬ್ಬನ ಖಾತೆಯ ಪುಟದ ಪ್ರತಿ ಇನ್ನೊಬ್ಬನಿಗೆ ಹೋಯಿತು. ಸುಮಾರು ಒಂದೂವರೆ ಗಂಟೆಯ ಈ ಗೊಂದಲದಲ್ಲಿ 34 ಸಾವಿರದಷ್ಟು ಜನರ ವಿವರ ಬೇರೆಯವರ ಕಣ್ಣಿಗೆ ಬಿದ್ದಿರಬಹುದು ಎಂದು ಕಂಪೆನಿಯೇ ಹೇಳಿತು. ಅಷ್ಟು ದೊಡ್ಡವರಿಗೆ ಆದದ್ದು ನಮ್ಮ ಸೇವಾ ಸಹಕಾರಿ ಬ್ಯಾಂಕಿನ ತಾಣಕ್ಕೂ ಆಗಬಹುದು. ವರ್ಡ್‌ಪ್ರೆಸ್ಸಿನಲ್ಲಿ ಲಾಗಿನ್ ಆದವರ ಬಳಿ ಒಂದು ಗುರುತಿನ ಕುಕೀ ಇರುತ್ತದೆ. ಅದು ಇದ್ದವರಿಗೆ ಪ್ರತಿ ಕೊಡಬೇಡ, ನೇರ ಮೂಲಕ್ಕೆ ಕಳಿಸು ಎಂದು ನಿಯಮದಲ್ಲಿ ಸೇರಿಸಿ.

ಕನ್ನಡದ ತಾಣಗಳಿಗೆ ಮಾತ್ರ ಬರುವ ಒಂದು ತೊಂದರೆ

ಎಲ್ಲವನ್ನೂ ಸಿಡಿಎನ್ನಿಗೆ ಒಪ್ಪಿಸುವ ಬದಲು ಚಿತ್ರ, ಫಾಂಟುಗಳನ್ನು ಮಾತ್ರ ಬೇರೆ ಉಪಹೆಸರಿನಲ್ಲಿ ಅಲ್ಲಿಂದ ಕೊಡುವ ಕ್ರಮವೂ ಉಂಟು. ನೇಮ್‌ಸರ್ವರ್ ಮುಟ್ಟಬೇಕಾಗಿಲ್ಲ ಎಂಬುದು ಅದರ ಅನುಕೂಲ. ಆದರೆ ಬ್ರೌಸರಿನ ಕಾನೂನಿನಂತೆ, ಬೇರೆ ಹೆಸರಿನ ತಾಣದಿಂದ ಬರುವ ಫಾಂಟಿಗೆ ಅನುಮತಿಯ ಸಾಲೊಂದು ಜೊತೆಗೆ ಬರಬೇಕು. ಬಾರದಿದ್ದರೆ ಫಾಂಟನ್ನು ಬ್ರೌಸರು ಮುಟ್ಟುವುದೇ ಇಲ್ಲ. ಯೂನಿಕೋಡಿನಲ್ಲಿ ಬರೆದ ತಾಣವಾದರೆ ಮೊಬೈಲಿನದ್ದೇ ಕನ್ನಡ ಅಕ್ಷರದಲ್ಲಿ ಕಾಣುತ್ತದೆ, ಚಂದ ಕೆಡುತ್ತದೆ ಅಷ್ಟೆ. ಆದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಫಾಂಟುಗಳಲ್ಲಿ ಬರೆದ ಹಳೆಯ ಪುಟಗಳು ಇನ್ನೂ ಕೆಲವು ಕಡೆ ಇವೆ. ಅಲ್ಲಿ ಫಾಂಟು ತಪ್ಪಿದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇನ್ನೊಂದು, ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟು ಬೇಕು. 'ಕನ್ನಡ' ಎಂದು ಬರೆಯಲು 15 ಬೈಟು. ಮಲಯಾಳಕ್ಕೂ ಇದೇ ಪಾಡು. ಸಿಡಿಎನ್ ಪುಟವನ್ನು ಹಿಂಡಿ ಕಳಿಸುವುದರಿಂದ ಈ ಭಾರ ಚೆನ್ನಾಗಿಯೇ ಇಳಿಯುತ್ತದೆ. ಇಂಗ್ಲಿಷ್ ತಾಣಗಳಿಗಿಂತ ನಮಗೇ ಇದರ ಲಾಭ ಹೆಚ್ಚು.

ಜೋಡಿಸಿದ್ದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಸುಲಭ. ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ಪುಟದ ತಲೆಬರಹಗಳನ್ನು ನೋಡಿ. 'ಸಿಎಫ್-ಕ್ಯಾಶ್-ಸ್ಟೇಟಸ್' ಎಂಬ ಸಾಲಿನಲ್ಲಿ 'ಹಿಟ್' ಎಂದಿದ್ದರೆ ಪ್ರತಿ ಸಿಕ್ಕಿತು, 'ಮಿಸ್' ಎಂದರೆ ಈ ಸಲ ಮೂಲದಿಂದ ತಂದದ್ದು, 'ಡೈನಾಮಿಕ್' ಎಂದರೆ ಪ್ರತಿ ಇಡುವ ನಿಯಮವೇ ತಗಲಿಲ್ಲ. ನಿಮ್ಮ ವಿಳಾಸದ ಮುಂದೆ '/ಸಿಡಿಎನ್-ಸಿಜಿಐ/ಟ್ರೇಸ್' ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಯಾವ ಕೇಂದ್ರದಿಂದ ಬರುತ್ತಿದೆ ಎಂದೂ ಕಾಣುತ್ತದೆ. 'ಎಂಎಎ' ಎಂದರೆ ಚೆನ್ನೈ, 'ಬಿಒಎಂ' ಎಂದರೆ ಮುಂಬೈ, ವಿಮಾನ ನಿಲ್ದಾಣದ ಸಂಕೇತಗಳೇ. ಹತ್ತಿರ ಕೇಂದ್ರವಿದ್ದರೂ ದೂರದ ಊರಿನ ಸಂಕೇತ ಬಂದರೆ ಆಶ್ಚರ್ಯಪಡಬೇಡಿ. ದಾರಿ ನಿರ್ಧರಿಸುವುದು ನಿಮ್ಮ ಮೊಬೈಲ್ ಕಂಪೆನಿಗೂ ಸಿಡಿಎನ್ನಿಗೂ ಇರುವ ಒಪ್ಪಂದ, ಭೂಪಟವಲ್ಲ.

ಒಂದು ವಾರದ ನಂತರ ಸರ್ವರಿನ ಲಾಗನ್ನೂ ನೋಡಿ. ಈಗ ಎಲ್ಲ ಓದುಗರೂ ಸಿಡಿಎನ್ನಿನ ಕೆಲವೇ ವಿಳಾಸಗಳಿಂದ ಬಂದಂತೆ ಕಾಣುತ್ತದೆ. ಕಳ್ಳರನ್ನು ತಡೆಯುವ ಪ್ಲಗಿನ್ ಇದ್ದರೆ, ಒಂದೇ ವಿಳಾಸದಿಂದ ಇಷ್ಟು ಜನವೇ ಎಂದು ಆ ವಿಳಾಸವನ್ನೇ ತಡೆದು, ಊರಿಗೆ ಊರನ್ನೇ ಹೊರಗೆ ನಿಲ್ಲಿಸಬಹುದು. ಓದುಗನ ನಿಜ ವಿಳಾಸವನ್ನು ಸಿಡಿಎನ್ ಬೇರೊಂದು ಸಾಲಿನಲ್ಲಿ ಕಳಿಸುತ್ತದೆ. ಅದನ್ನು ಓದುವಂತೆ ಹೋಸ್ಟಿಂಗಿನವರಿಗೆ ಹೇಳಿ ಮಾಡಿಸಬೇಕು.

ಎಲ್ಲರಿಗೂ ಬೇಕೇ?

ದಿನಕ್ಕೆ ಐವತ್ತು ಜನ ನೋಡುವ ತಾಣಕ್ಕೆ ಇಷ್ಟೆಲ್ಲ ಬೇಡ. ಚಿತ್ರಗಳನ್ನು ಕುಗ್ಗಿಸಿ ಹಾಕಿ, ಹೋಸ್ಟಿಂಗನ್ನು ಮುಂಬೈಯ ಸರ್ವರಿಗೆ ಬದಲಾಯಿಸಿಕೊಂಡರೆ ಸಾಕು. ಕ್ಯಾಮರಾದಿಂದ ನೇರವಾಗಿ 5 ಎಂಬಿಯ ಫೋಟೋ ಹಾಕುವ ತಾಣಕ್ಕೆ ಯಾವ ಸಿಡಿಎನ್ನೂ ಮದ್ದಲ್ಲ. ಸಿಡಿಎನ್ನಿನ ಪ್ರತಿಯನ್ನು ಬ್ಯಾಕಪ್ ಎಂದು ತಿಳಿಯುವುದೂ ಬೇಡ. ಮೂಲ ಸರ್ವರು ಸುಟ್ಟುಹೋದರೆ ಗಡುವು ಮುಗಿದ ಪ್ರತಿಗಳೂ ಒಂದೊಂದಾಗಿ ಹೋಗುತ್ತವೆ. ಬ್ಯಾಕಪ್ ಬೇರೆಯೇ ತೆಗೆದಿಡಬೇಕು.

ಊರೆಲ್ಲರ ತಾಣ ಒಂದೇ ಕಂಪೆನಿಯ ಚಪ್ಪರದಡಿ ಸೇರಿದರೆ ಅದು ಬಿದ್ದ ದಿನ ಎಲ್ಲರೂ ಬೀಳುತ್ತಾರೆ. 2021ರ ಜೂನ್ 8ರಂದು ಫಾಸ್ಟ್ಲಿ ಎಂಬ ಸಿಡಿಎನ್ನಿನಲ್ಲಿ, ಒಬ್ಬ ಗ್ರಾಹಕ ಮಾಡಿದ ನ್ಯಾಯವಾದ ಬದಲಾವಣೆಯೊಂದು ಅಡಗಿದ್ದ ದೋಷವನ್ನು ಕೆರಳಿಸಿ ಜಗತ್ತಿನ ದೊಡ್ಡ ದೊಡ್ಡ ಸುದ್ದಿತಾಣಗಳು ಸುಮಾರು ಒಂದು ಗಂಟೆ ಕಾಣೆಯಾದವು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರಿನ ಸರದಿ. ರೋಬೋಗಳನ್ನು ಗುರುತಿಸುವ ಒಂದು ಕಡತ ಇರಬೇಕಾದ್ದಕ್ಕಿಂತ ಎರಡು ಪಟ್ಟು ದಪ್ಪವಾಗಿ, ಅದನ್ನು ಓದುವ ಯಂತ್ರಗಳು ಕೈಚೆಲ್ಲಿದವು. ನಮ್ಮ ಗಡಿಯಾರದಲ್ಲಿ ಸಂಜೆ 5ರ ಹೊತ್ತಿಗೆ ಶುರುವಾದದ್ದು ಹೆಚ್ಚಿನ ಮಟ್ಟಿಗೆ ಸರಿಯಾಗುವಾಗ ರಾತ್ರಿ 8. ಅಂದು ಎಷ್ಟೋ ಜನರಿಗೆ ಸಿಡಿಎನ್ನನ್ನು ತಾತ್ಕಾಲಿಕವಾಗಿ ಬಿಟ್ಟುಬಿಡೋಣ ಎಂದರೂ ಅದರ ನಿಯಂತ್ರಣದ ಪುಟಕ್ಕೆ ಲಾಗಿನ್ ಆಗಲು ಬಿಡಲಿಲ್ಲ.

ಹಾಗಾಗಿ ಡೊಮೈನ್ ನೋಂದಣಿಯನ್ನು ಸಿಡಿಎನ್ ಕಂಪೆನಿಯಲ್ಲೇ ಇಡದೆ ಬೇರೆ ಕಡೆ ಇಡುವುದು ಒಳ್ಳೆಯದು. ಬರೆದಿಟ್ಟ ಆ ಹಳೆಯ ನೇಮ್‌ಸರ್ವರಿನ ಕಾಗದ ಹಿಡಿದು ಅಲ್ಲಿಂದ ಹಿಂದೆ ಬರಬಹುದು. ಆದರೆ ಆ ಬದಲಾವಣೆ ಊರೆಲ್ಲ ಮುಟ್ಟುವಾಗ ಹಲವು ಗಂಟೆಯಾಗುತ್ತದೆ, ಮೂರು ಗಂಟೆಯ ತೊಂದರೆಗೆ ಅದು ಉಪಯೋಗಕ್ಕೆ ಬಾರದು. ಅಂಥ ಸಂಜೆಗೆಂದು ತಾಣದ ಹೆಸರಿನಲ್ಲೇ ಒಂದು ವಾಟ್ಸಪ್ ಅಥವಾ ಟೆಲಿಗ್ರಾಂ ಚಾನೆಲ್ ಮೊದಲೇ ತೆರೆದು, ಅದರ ಕೊಂಡಿಯನ್ನು ಓದುಗರಿಗೆ ಈಗಲೇ ಕೊಟ್ಟಿಡಿ. ರಜೆಯ ಸುದ್ದಿ ಎರಡು ಸಾಲಿನದ್ದು. ಅದಕ್ಕೆ ಅಷ್ಟು ಸಾಕು.